ಮಡ್‌ಗಾರ್ಡ್ ಸಂದಿನ ಬಿರುಕು: ಮನೆಯಲ್ಲಿ ಕಟ್ಟಿದ ಕಿಟ್ ಕಾರೊಂದರ ಪ್ರಕರಣ

ಕಾರು ಮತ್ತು ದೂರು

ಕಾರು ಲೋಟಸ್ ಸೆವೆನ್ ಜಾತಿಯ ಕಿಟ್ ಕಾರು, ಅಂದರೆ ಬಿಡಿ ಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಳ್ಳುವಂಥದ್ದು. ಇಬ್ಬರೇ ಕೂರುವಂಥದ್ದು, ಛಾವಣಿ ಇಲ್ಲ. ಉಕ್ಕಿನ ಪೈಪುಗಳ ಚಾಸಿ, ಅದರ ಪಕ್ಕಗಳಿಗೆ ಅಲ್ಯೂಮಿನಿಯಂ ಹಾಳೆ. ಮೂತಿ ಮತ್ತು ನಾಲ್ಕೂ ಮಡ್‌ಗಾರ್ಡ್‌ಗಳು ಫೈಬರ್‌ಗ್ಲಾಸಿನವು. ಬಾನೆಟ್ಟಿಗೂ ಡ್ಯಾಶ್‌ಬೋರ್ಡಿಗೂ ನಡುವೆ ಬರುವ ಕಮಾನಿನಂಥ ಭಾಗಕ್ಕೆ ಸ್ಕಟಲ್ ಅನ್ನುತ್ತಾರೆ, ಈ ಕಿಟ್‌ನಲ್ಲಿ ಅದೂ ಫೈಬರ್. ಬಾನೆಟ್ ಅಲ್ಯೂಮಿನಿಯಂ.

ಮಾಲೀಕರು ನನ್ನ ಪರಿಚಯದವರು. ಕಾರನ್ನು ತಮ್ಮ ಗ್ಯಾರೇಜಿನಲ್ಲಿ ತಾವೇ ಕಟ್ಟಿದ್ದಾರೆ. ವೈರಿಂಗ್, ಬ್ರೇಕ್ ಪೈಪುಗಳು, ಎಂಜಿನ್ ಕೂರಿಸಿದ ರೀತಿ, ಎಲ್ಲ ಅಚ್ಚುಕಟ್ಟು. ಹೊರಗಿನ ಪ್ಯಾನೆಲ್‌ಗಳ ವಿಷಯದಲ್ಲಿ ಅವರಿಗೆ ಒಂದು ಹಟ ಇತ್ತು. ಹಿಂದಿನ ಮಡ್‌ಗಾರ್ಡ್ ಬಾಡಿಗೆ ಸೇರುವ ಕಡೆ ಸಂದೇ ಕಾಣಬಾರದು, ಎರಡೂ ಒಂದೇ ಅಚ್ಚಿನಿಂದ ಬಂದಂತೆ ಇರಬೇಕು ಅಂತ. ಕಿಟ್ ಜೊತೆ ಕಪ್ಪು ಬೀಡಿಂಗ್ ಸುರುಳಿ ಬಂದಿತ್ತು, ಸಂದಿನಲ್ಲಿ ಕೂರಿಸುವ ಮೆತ್ತನೆಯ ವಿನೈಲ್ ಪಟ್ಟಿ ಅದು. ಅದನ್ನು ಪಕ್ಕಕ್ಕಿಟ್ಟರು. ಮಡ್‌ಗಾರ್ಡ್ ಬಿಗಿದು, ಸಂದಿಗೆ ಪುಟ್ಟಿ ತುಂಬಿ, ಉಜ್ಜಿ ನುಣುಪು ಮಾಡಿ, ಕಡುನೀಲಿ ಬಣ್ಣ ಹೊಡೆಸಿದರು. ಬಣ್ಣ ಹೊಸದಿದ್ದಾಗಿನ ಫೋಟೋ ನೋಡಿದ್ದೇನೆ. ನಿಜಕ್ಕೂ ಚೆನ್ನಾಗಿತ್ತು.

ಕೆಲವು ತಿಂಗಳು ಓಡಿಸಿದ ಮೇಲೆ ಎಡ ಮಡ್‌ಗಾರ್ಡಿನ ಮೇಲ್ಭಾಗದಲ್ಲಿ ಕೂದಲೆಳೆಯಷ್ಟು ಗೆರೆ ಕಾಣಿಸಿತು. ಅದು ಹಾಗೇ ಕೆಳಗಿಳಿದು ಇಡೀ ಸಂದಿನುದ್ದಕ್ಕೂ ಓಡಿತು. ಆಮೇಲೆ ಬಲಗಡೆಗೂ ಬಂತು. ಬಿರುಕಿನ ಅಂಚಲ್ಲಿ ಬಣ್ಣ ಎದ್ದು ನಿಂತಿತ್ತು, ಮಳೆ ನೀರು ಒಳಗೆ ಹೋಗಿ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಬರಲು ಶುರುವಾಗಿತ್ತು.

ಇದರ ಜೊತೆಗೆ ಇನ್ನೂ ಕೆಲವು ಕಿರಿಕಿರಿಗಳಿದ್ದವು. ಬಾನೆಟ್ ಮತ್ತು ಸ್ಕಟಲ್ ನಡುವಿನ ಗ್ಯಾಪ್ ಒಂದು ತುದಿಯಲ್ಲಿ 3 ಮಿ.ಮೀ., ಇನ್ನೊಂದು ತುದಿಯಲ್ಲಿ 7 ಮಿ.ಮೀ. ಮೂತಿಯೂ ಬಾನೆಟ್ಟೂ ಸೇರುವಲ್ಲಿ ಒಂದು ಮೆಟ್ಟಿಲು. ಮೂತಿಯ ಎರಡು ಅರ್ಧಗಳನ್ನು ಕೂಡಿಸಿದ ಗೆರೆ ಬಣ್ಣದಡಿಯಿಂದ ಮೆಲ್ಲಗೆ ಎದ್ದು ಕಾಣುತ್ತಿತ್ತು.

"ಬಿಸಿಲಿಗೆ ಹಿಗ್ಗಿ ಬಿರುಕು ಬಿಟ್ಟಿದೆ ಅಷ್ಟೇ. ಇನ್ನೂ ಒಳ್ಳೆ ಪುಟ್ಟಿ ಹಾಕಿದರೆ ನಿಲ್ಲುತ್ತೆ ಅಲ್ವಾ?" ಇದು ಮಾಲೀಕರ ಪ್ರಶ್ನೆ.

ಬಿರುಕು ಯಾಕೆ ಬಂತು

ಬಿಸಿಲಿನ ಲೆಕ್ಕದಿಂದಲೇ ಶುರು ಮಾಡೋಣ. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ, ತಾಪಮಾನ ಒಂದು ಡಿಗ್ರಿ ಏರಿದರೆ ಸುಮಾರು 0.023 ಮಿ.ಮೀ. ಹಿಗ್ಗುತ್ತದೆ. ಉಕ್ಕು ಅದರ ಅರ್ಧ, ಸುಮಾರು 0.012 ಮಿ.ಮೀ. ಕಡು ಬಣ್ಣದ ಕಾರು ಬಿಸಿಲಲ್ಲಿ ನಿಂತು 50 ಡಿಗ್ರಿ ಏರಿತು ಅಂದುಕೊಳ್ಳಿ. ಆಗ ಒಂದು ಮೀಟರಿನಲ್ಲಿ ಅಲ್ಯೂಮಿನಿಯಂ ಹಾಳೆ, ಅದನ್ನು ಹಿಡಿದಿರುವ ಉಕ್ಕಿನ ಪೈಪಿಗಿಂತ ಅರ್ಧ ಮಿ.ಮೀ.ಗಿಂತ ತುಸು ಜಾಸ್ತಿ ಹಿಗ್ಗಿರುತ್ತದೆ. ಹಾಳೆ ಮತ್ತು ಚಾಸಿಯ ನಡುವೆ ಇದು ಲೆಕ್ಕಕ್ಕೆ ಬರುವ ಅಳತೆಯೇ.

ಆದರೆ ಬಿರುಕು ಬಿಟ್ಟ ಸಂದು ಹಾಳೆಗೂ ಚಾಸಿಗೂ ನಡುವಿನದಲ್ಲ. ಅದು ಅಲ್ಯೂಮಿನಿಯಂಗೂ ಫೈಬರ್‌ಗೂ ನಡುವಿನದು. ಮಡ್‌ಗಾರ್ಡಿಗೆ ಬಳಸುವ ಪಾಲಿಯೆಸ್ಟರ್ ಫೈಬರ್ ಹೆಚ್ಚುಕಡಿಮೆ ಅಲ್ಯೂಮಿನಿಯಂನಷ್ಟೇ ಹಿಗ್ಗುತ್ತದೆ. ಹಾಗಾಗಿ ಬಿಸಿಲಿನ ಪಾಲು ಇಲ್ಲಿ ಸಣ್ಣದು. ಅಸಲಿ ಕಾರಣ ಬೇರೆ ಇರಬೇಕು ಅಂತ ಅನುಮಾನ ಬಂದದ್ದೇ ಈ ಲೆಕ್ಕದಿಂದ.

ಅನುಮಾನ ತೀರಿಸಿಕೊಳ್ಳುವುದು ಕಷ್ಟವಾಗಲಿಲ್ಲ. ಮಡ್‌ಗಾರ್ಡಿನ ಹೊರ ಅಂಚಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದರೆ ಬಿರುಕು ತೆರೆಯುತ್ತಿತ್ತು. ಕೈ ತೆಗೆದರೆ ಮುಚ್ಚುತ್ತಿತ್ತು. ಮಡ್‌ಗಾರ್ಡ್ ಬಾಡಿಯಿಂದ ಹೊರಚಾಚಿರುವ ಭಾಗ, ಹೊರ ಅಂಚಿಗೆ ಯಾವ ಆಸರೆಯೂ ಇಲ್ಲ. ಗಾಳಿ ತಳ್ಳುತ್ತದೆ, ಚಕ್ರದ ಕಲ್ಲು ಒಳಗಿನಿಂದ ಬಡಿಯುತ್ತದೆ, ರಸ್ತೆಯ ಗುಂಡಿಗೆ ಇಡೀ ತುಂಡು ನಡುಗುತ್ತದೆ. ಹೊರ ತುದಿಯ ಅಲುಗಾಟವೆಲ್ಲ ಬುಡದಲ್ಲಿ, ಅಂದರೆ ಸಂದಿನಲ್ಲಿ, ಬಾಗುವಿಕೆಯಾಗಿ ಬಂದು ಸೇರುತ್ತದೆ. ಪುಟ್ಟಿ ಗಟ್ಟಿಯಾದ ಮೇಲೆ ಬಾಗುವ ಸಾಮಾನಲ್ಲ. ಮೈಮೇಲೆ ಅಂಟಿಕೊಂಡು, ಮೈ ಬಾಗದೇ ಇದ್ದರೆ ಬಹಳ ವರ್ಷ ಇರುತ್ತದೆ. ಎರಡು ತುಂಡುಗಳ ನಡುವೆ ಸೇತುವೆಯಾಗಿ ನಿಲ್ಲಲು ಅದಕ್ಕೆ ಶಕ್ತಿ ಇಲ್ಲ.

ಪುಟ್ಟಿ ಕೆರೆದು ತೆಗೆಯುವಾಗ ಎರಡನೇ ಕಾರಣವೂ ಸಿಕ್ಕಿತು. ಪುಟ್ಟಿ ಪುಡಿಯಾಗಿ ಬರಲಿಲ್ಲ, ಪಟ್ಟಿಯಾಗಿ ಎದ್ದು ಬಂತು. ಅಲ್ಯೂಮಿನಿಯಂ ಕಡೆ ಚೆನ್ನಾಗಿ ಅಂಟಿತ್ತು. ಫೈಬರ್ ಕಡೆಯ ಮೈ ಮಾತ್ರ ಗಾಜಿನಂತೆ ಹೊಳೆಯುತ್ತಿತ್ತು, ಅಂದರೆ ಜೆಲ್‌ಕೋಟಿನ (ಫೈಬರ್ ತುಂಡಿನ ನುಣುಪಾದ ಹೊರ ಪದರದ) ಹೊಳಪು ಹಾಗೇ ಅಚ್ಚೊತ್ತಿತ್ತು. ಫೈಬರ್ ತುಂಡು ಅಚ್ಚಿನಿಂದ ಬಿಡಲಿ ಅಂತ ತಯಾರಿಸುವವರು ಅಚ್ಚಿಗೆ ಮೇಣ ಹಚ್ಚಿರುತ್ತಾರೆ. ಅದರ ತೆಳು ಪದರ ತುಂಡಿನ ಮೇಲೂ ಬರುತ್ತದೆ. ಅದನ್ನು ತೊಳೆಯದೆ, ಮೈಯನ್ನು ಒರಟು ಮಾಡದೆ ಪುಟ್ಟಿ ಹಾಕಿದರೆ ಅದು ಹಿಡಿಯುವುದು ಮೇಣವನ್ನು, ಫೈಬರನ್ನಲ್ಲ. ಪುಟ್ಟಿಯ ದಪ್ಪವೂ ಕೆಲವು ಕಡೆ 6 ಮಿ.ಮೀ. ದಾಟಿತ್ತು. 3 ಮಿ.ಮೀ. ಒಳಗಿದ್ದರೆ ಒಳ್ಳೆಯದು.

ಮೂರನೆಯದು ಬೋಲ್ಟುಗಳು. ಸುಮಾರು 300 ಮಿ.ಮೀ.ಗೆ ಒಂದರಂತೆ ಇದ್ದವು, ವಾಷರ್‌ಗಳು ಚಿಕ್ಕವು. ಎರಡು ಬೋಲ್ಟಿನ ನಡುವೆ ಮಡ್‌ಗಾರ್ಡಿನ ಅಂಚು ಬಾಡಿಯಿಂದ ಸುಮಾರು 2 ಮಿ.ಮೀ. ಬಿಟ್ಟು ನಿಂತಿತ್ತು. ಪುಟ್ಟಿ ಆ ಜಾಗವನ್ನು ಮುಚ್ಚಿತ್ತು ಅಷ್ಟೇ, ಸಂದು ಒಳಗೆ ಸಡಿಲವಾಗಿಯೇ ಇತ್ತು.

ಹಾಗಾದರೆ ಜೆಲ್‌ಕೋಟ್ ಉಜ್ಜಿ, ಬೋಲ್ಟ್ ಜಾಸ್ತಿ ಹಾಕಿ, ಒಳ್ಳೆ ಪುಟ್ಟಿ ಹಾಕಿದ್ದರೆ ನಿಲ್ಲುತ್ತಿತ್ತಾ? ಜಾಸ್ತಿ ದಿನ ನಿಲ್ಲುತ್ತಿತ್ತು. ಕೊನೆಗೆ ಬಿರುಕು ಬಿಡುತ್ತಿತ್ತು. ಮಾಲೀಕರಿಗೆ ಇದನ್ನು ಒಪ್ಪಿಸುವುದೇ ಈ ಕೆಲಸದಲ್ಲಿ ಕಷ್ಟದ ಭಾಗವಾಗಿತ್ತು. ಹೊಸ ಕಾರುಗಳಲ್ಲಿ ಸಂದು ಕಾಣುವುದೇ ಇಲ್ಲವಲ್ಲ ಅಂತ ಅವರ ವಾದ. ನೋಡಿದರೆ ಕಾಣುತ್ತದೆ. ಬಾಗಿಲು, ಬಾನೆಟ್, ಡಿಕ್ಕಿ, ಬಂಪರ್, ಎಲ್ಲ ಕಡೆ ಗೆರೆ ಇದ್ದೇ ಇದೆ. ಒಂದೇ ಅಳತೆಯಲ್ಲಿ ಓಡುವುದರಿಂದ ಕಣ್ಣು ಅದನ್ನು ಸಂದು ಅಂತ ಎಣಿಸುವುದಿಲ್ಲ.

ಹಳೆಯ ಕಾರುಗಳು ಇನ್ನೂ ಧೈರ್ಯದವು. ಫೋಕ್ಸ್‌ವ್ಯಾಗನ್ ಬೀಟಲ್‌ನ ಮಡ್‌ಗಾರ್ಡ್‌ಗಳು ಬೋಲ್ಟಿನಿಂದ ಕೂರುತ್ತಿದ್ದವು, ನಡುವೆ ಬೀಡಿಂಗ್. 1959ರ ಮಿನಿ ಕಾರಿನಲ್ಲಂತೂ ಬೆಸುಗೆ ಹಾಕಿದ ಅಂಚುಗಳನ್ನೇ ಹೊರಗೆ ಬಿಟ್ಟು ಮೇಲೊಂದು ಪಟ್ಟಿ ತೊಡಿಸಿದ್ದರು. 1953ರಲ್ಲಿ ಬಂದ ಶೆವ್ರೊಲೆ ಕಾರ್ವೆಟ್ ಇದಕ್ಕೆ ಉಲ್ಟಾ. ಫೈಬರ್ ಪ್ಯಾನೆಲ್‌ಗಳ ಹಿಂದೆ ಪಟ್ಟಿ ಅಂಟಿಸಿ, ಮುಂದೆ ಸಂದು ತುಂಬಿ, ಒಂದೇ ಮೈ ಮಾಡಿದ್ದರು. ಹಳೆಯ ಕಾರ್ವೆಟ್‌ಗಳಲ್ಲಿ ಆ ಸಂದುಗಳ ಗೆರೆ ವರ್ಷಗಳ ಮೇಲೆ ಬಣ್ಣದಡಿಯಿಂದ ಎದ್ದು ಕಾಣುವುದು ಆ ಕಾರಿನವರಿಗೆಲ್ಲ ಗೊತ್ತಿರುವ ತಲೆನೋವು. ಕಾರ್ಖಾನೆಯವರ ಕಥೆಯೇ ಹೀಗಿರುವಾಗ, ಬೋಲ್ಟಿನಲ್ಲಿ ನಿಂತ ಮಡ್‌ಗಾರ್ಡಿನ ಸಂದನ್ನು ಬರೀ ಪುಟ್ಟಿಯಿಂದ ಮುಚ್ಚುವ ಆಸೆ ಯಾಕೆ?

ಸೆವೆನ್ ಹುಟ್ಟಿದ್ದೂ ಬಿಚ್ಚಿ ಜೋಡಿಸುವ ಕಾರಾಗಿಯೇ. 1957ರಲ್ಲಿ ಕಾಲಿನ್ ಚಾಪ್‌ಮನ್ ಅದನ್ನು ತಂದಾಗ ಬ್ರಿಟನ್ನಿನಲ್ಲಿ ಬಿಡಿ ಭಾಗಗಳಾಗಿ ಕೊಂಡರೆ ಮಾರಾಟ ತೆರಿಗೆ ಉಳಿಯುತ್ತಿತ್ತು. ಕೊಂಡವರು ಮನೆಯಲ್ಲಿ ಜೋಡಿಸಿಕೊಳ್ಳುತ್ತಿದ್ದರು. 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋದ ಮೇಲೂ ಆ ಪದ್ಧತಿ ಮುಂದುವರಿಯಿತು. ಬೋಲ್ಟ್, ರಿವೆಟ್, ಬೀಡಿಂಗ್ ಈ ಕಾರಿನ ಮುಖಲಕ್ಷಣ. ಅವನ್ನು ಅಳಿಸಿದರೆ ಕಾರು ಸ್ವಲ್ಪ ಬೋಳಾಗಿ ಕಾಣುತ್ತದೆ ಅನ್ನೋದು ನನ್ನ ಅಭಿಪ್ರಾಯ. ಮಾಲೀಕರು ಇದನ್ನು ಈಗಲೂ ಪೂರ್ತಿ ಒಪ್ಪಿಲ್ಲ.

ಯಾವ ಸಂದು ಮುಚ್ಚಬೇಕು, ಯಾವುದು ಬಿಡಬೇಕು

ಕೆಲಸ ಶುರುವಿಗೆ ಮೊದಲು ಇಡೀ ಕಾರನ್ನು ಸುತ್ತಿ ಪ್ರತಿ ಸಂದಿನ ಪಕ್ಕ ಕಾಗದದ ಟೇಪಿನ ತುಂಡು ಅಂಟಿಸಿದೆವು. ಕೈಯಲ್ಲಿ ಒತ್ತಿ, ಎಳೆದು, ಅಲುಗಿಸಿ ನೋಡಿ, ಅಲುಗಿದರೆ "ಅ" ಅಂತ ಬರೆದೆವು. ಏನು ಮಾಡಿದರೂ ಅಲುಗದೇ ಇದ್ದರೆ ಖಾಲಿ ಬಿಟ್ಟೆವು.

ಖಾಲಿ ಉಳಿದದ್ದು ಒಂದೇ ಜಾಗ. ಮೂತಿಯ ಎರಡು ಅರ್ಧಗಳ ನಡುವಿನ ಗೆರೆ. ಎರಡೂ ಫೈಬರ್, ಒಂದೇ ದಪ್ಪ, ಒಂದೇ ರಾಳ (ಗಾಜಿನ ಎಳೆಗಳನ್ನು ಹಿಡಿದಿಡುವ ರೆಸಿನ್). ಇದನ್ನು ಮುಚ್ಚಬಹುದು, ಆದರೆ ಪುಟ್ಟಿಯಿಂದಲ್ಲ. ಒಳಗಡೆಯಿಂದ ಮ್ಯಾಟ್, ಅಂದರೆ ಗಾಜಿನ ಎಳೆಯ ಹಾಸಿನ, ಪಟ್ಟಿ ಅಂಟಿಸಿ ಗಟ್ಟಿ ಮಾಡಿದೆವು. ಹೊರಗಡೆ ಗೆರೆಯನ್ನು ಗ್ರೈಂಡರಿನಿಂದ ಅಗಲವಾದ ತಗ್ಗಾಗಿ ಕೊರೆದು, ಎರಡು ಬದಿಗೂ 25 ಮಿ.ಮೀ. ಜೆಲ್‌ಕೋಟ್ ತೆಗೆದು, ಮ್ಯಾಟ್ ಮತ್ತು ರಾಳ ತುಂಬಿದೆವು. ಮೇಲೆ ತೆಳು ಪುಟ್ಟಿ, ಅಷ್ಟೇ. ಇಲ್ಲಿ ಆತುರ ಮಾಡಬಾರದು. ಪಾಲಿಯೆಸ್ಟರ್ ರಾಳ ಗಟ್ಟಿಯಾಗುವಾಗ ಗಾತ್ರದಲ್ಲಿ 5ರಿಂದ 8 ಪ್ರತಿಶತ ಕುಗ್ಗುತ್ತದೆ. ಮುಟ್ಟಿದರೆ ಗಟ್ಟಿ ಅನಿಸಿದ ಮೇಲೂ ಕುಗ್ಗುತ್ತಲೇ ಇರುತ್ತದೆ. ಅದು ಮುಗಿಯುವ ಮೊದಲೇ ಉಜ್ಜಿ ಬಣ್ಣ ಹೊಡೆದರೆ ತಗ್ಗು ಮತ್ತೆ ಮೇಲೆ ಕಾಣುತ್ತದೆ. ಹಳೆಯ ಬಣ್ಣದಲ್ಲಿ ಕಾಣುತ್ತಿದ್ದ ಗೆರೆಗೂ ಇದೇ ಕಾರಣ ಇರಬೇಕು. ಈ ಸಲ ಮೂತಿಯನ್ನು ಬೆಚ್ಚಗಿನ ಜಾಗದಲ್ಲಿಟ್ಟು, ಉಳಿದ ಕೆಲಸವೆಲ್ಲ ಮುಗಿಯುವವರೆಗೂ ಮುಟ್ಟಲಿಲ್ಲ.

ಉಳಿದ ಎಲ್ಲ ಸಂದುಗಳೂ "ಅ". ಅವನ್ನು ತೋರಿಸಲೇಬೇಕು. ಹೇಗೆ ತೋರಿಸುವುದು ಅನ್ನೋದಷ್ಟೇ ಪ್ರಶ್ನೆ.

ಬಾನೆಟ್ ಸುತ್ತಲಿನ ಗ್ಯಾಪ್

ಮೊದಲು ಕಾರನ್ನು ಸ್ಟ್ಯಾಂಡಿನಿಂದ ಇಳಿಸಿ ಚಕ್ರಗಳ ಮೇಲೆ ನಿಲ್ಲಿಸಿದೆವು. ಎಂಜಿನ್ ಒಳಗೇ ಇತ್ತು, ಟ್ಯಾಂಕಿನಲ್ಲಿ ಪೆಟ್ರೋಲೂ ಇತ್ತು. ಸ್ಟ್ಯಾಂಡಿನ ಮೇಲೆ ಚಾಸಿ ನಿಲ್ಲುವ ಭಂಗಿ ಬೇರೆ, ಚಕ್ರದ ಮೇಲೆ ನಿಲ್ಲುವ ಭಂಗಿ ಬೇರೆ. ವ್ಯತ್ಯಾಸ ಸಣ್ಣದಿರಬಹುದು, ಆದರೆ ನಾವು ಬೆನ್ನು ಹತ್ತಿರುವುದೂ ಸಣ್ಣ ಅಳತೆಗಳನ್ನೇ. ಮಡ್‌ಗಾರ್ಡಿನ ಕಮಾನು ಚಕ್ರದ ನಡುವಿಗೆ ಸರಿಯಾಗಿ ಬಂದಿದೆಯಾ ಅಂತ ಗೊತ್ತಾಗುವುದೂ ಕಾರು ನೆಲದ ಮೇಲೆ ನಿಂತಾಗಲೇ.

ಮುಂದಿನ ಪ್ರಶ್ನೆ, ಯಾವ ತುಂಡನ್ನು ಲೆಕ್ಕದ ತುಂಡಾಗಿ ಇಟ್ಟುಕೊಳ್ಳುವುದು? ಎಲ್ಲವನ್ನೂ ಒಟ್ಟಿಗೆ ಸರಿಸುತ್ತಾ ಹೋದರೆ ಕೆಲಸ ಮುಗಿಯುವುದಿಲ್ಲ. ಸ್ಕಟಲ್‌ಗೆ ಡ್ಯಾಶ್‌ಬೋರ್ಡ್, ಗಾಜಿನ ಕಂಬ, ಸ್ಟೀರಿಂಗ್ ಎಲ್ಲ ತಗುಲಿಕೊಂಡಿವೆ. ಅದನ್ನು ಸರಿಸುವುದು ಕಷ್ಟ. ಹಾಗಾಗಿ ಅದೇ ಲೆಕ್ಕದ ತುಂಡು. ಅದಕ್ಕೆ ತಕ್ಕಂತೆ ಬಾನೆಟ್, ಬಾನೆಟ್ಟಿಗೆ ತಕ್ಕಂತೆ ಮೂತಿ. ಈ ಕಾರನ್ನು ಕಟ್ಟಿದಾಗ ಮೂತಿಯಿಂದ ಹಿಂದಕ್ಕೆ ಬಂದಿದ್ದರು. ತಪ್ಪೆಲ್ಲ ಕೂಡಿ ಸ್ಕಟಲ್ ಹತ್ತಿರ, ಅದೂ ಓಡಿಸುವವರ ಕಣ್ಣೆದುರಿಗೇ, ಬಂದು ನಿಂತಿತ್ತು.

ಗ್ಯಾಪ್ 4 ಮಿ.ಮೀ. ಅಂತ ಗೊತ್ತುಮಾಡಿದೆವು. ಇನ್ನೂ ಕಡಿಮೆ ಇಟ್ಟರೆ ಚೆಂದ ಅಂತ ಎಲ್ಲರಿಗೂ ಅನಿಸುತ್ತದೆ. ಆದರೆ ಪ್ರೈಮರ್, ಬಣ್ಣ, ಲ್ಯಾಕರ್ ಸೇರಿ ಒಂದೊಂದು ಅಂಚಿಗೂ ಸುಮಾರು 0.1ರಿಂದ 0.15 ಮಿ.ಮೀ. ಬರುತ್ತದೆ. ಅದರ ಮೇಲೆ ಕಂಪನ, ಕೈಯಲ್ಲಿ ಬಗ್ಗಿಸಿದ ಹಾಳೆಯ ಏರುಪೇರು. 2 ಮಿ.ಮೀ. ಇಟ್ಟರೆ ಎಲ್ಲೋ ಒಂದು ಕಡೆ ತಾಗಿ ಬಣ್ಣ ಕಿತ್ತುಬರುತ್ತದೆ. ಇನ್ನೊಂದು ಮಾತು. ಗ್ಯಾಪಿನ ಅಗಲವನ್ನು ಕಣ್ಣು ಬೇಗ ಕ್ಷಮಿಸುತ್ತದೆ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾದರೆ ಕ್ಷಮಿಸುವುದಿಲ್ಲ. ಉದ್ದಕ್ಕೂ 5 ಮಿ.ಮೀ. ಇರುವ ಗ್ಯಾಪ್ ಅಚ್ಚುಕಟ್ಟಾಗಿ ಕಾಣುತ್ತದೆ, 3ರಿಂದ 5ಕ್ಕೆ ಹೋಗುವ ಗ್ಯಾಪ್ ಒರಟಾಗಿ ಕಾಣುತ್ತದೆ.

4 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಾಳೆಯಿಂದ ಸಣ್ಣ ಬಿಲ್ಲೆಗಳನ್ನು ಕತ್ತರಿಸಿ ಗ್ಯಾಪಿನುದ್ದಕ್ಕೂ ಸಿಕ್ಕಿಸಿದೆವು. ಬಾನೆಟ್ಟಿನ ಕ್ಲಿಪ್ಪುಗಳನ್ನು ಸಡಿಲ ಮಾಡಿ, ಬಿಲ್ಲೆಗಳಿಗೆ ತಾಗುವಂತೆ ಕೂರಿಸಿದೆವು. ಕ್ಲಿಪ್ ಸರಿಸಿದ್ದರಿಂದಲೇ ಅರ್ಧ ಸಮಸ್ಯೆ ತೀರಿತು. ಯಾವ ಅಂಚನ್ನೂ ಕತ್ತರಿಸುವ ಮೊದಲು ತೂತು, ಕ್ಲಿಪ್, ಕೀಲು ಇವುಗಳಲ್ಲಿ ಎಷ್ಟು ಆಟ ಇದೆ ಅಂತ ನೋಡಿಬಿಡುವುದು ಒಳ್ಳೆಯದು. ಲೋಹ ಕತ್ತರಿಸಿದ ಮೇಲೆ ಮತ್ತೆ ಅಂಟಿಸಲಾಗದು.

ಇದೇ ಕಾರಣಕ್ಕೆ ಅಲ್ಯೂಮಿನಿಯಂ ಅಂಚನ್ನು ಒಮ್ಮೆ ನೇರ ಮಾಡಿ ಬಿಟ್ಟುಬಿಟ್ಟೆವು. ಉಳಿದ ತಿದ್ದುಪಡಿಯೆಲ್ಲ ಫೈಬರ್ ಅಂಚಿನಲ್ಲೇ. ಫೈಬರನ್ನು ಉಜ್ಜಿ ಕಡಿಮೆ ಮಾಡಬಹುದು, ಬೇಕಾದರೆ ಸೇರಿಸಿ ಬೆಳೆಸಲೂಬಹುದು. ಗ್ಯಾಪ್ ಕಿರಿದಾಗಿದ್ದ ಕಡೆ, ತೆಳ್ಳಗಿನ ಉಕ್ಕಿನ ಪಟ್ಟಿಗೆ 80ರ ಉಪ್ಪುಕಾಗದ ಅಂಟಿಸಿ ಗ್ಯಾಪಿನೊಳಗೆ ಎಳೆದಾಡಿದೆವು. ಬಾನೆಟ್ ಕಡೆಯ ಅಂಚಿಗೆ ಟೇಪ್ ರಕ್ಷಣೆ ಇತ್ತು. ಅಗಲವಾಗಿದ್ದ ಕಡೆ ಸ್ಕಟಲ್ ಅಂಚನ್ನು ಬೆಳೆಸಬೇಕಾಯಿತು.

ಅಂಚು ಬೆಳೆಸುವುದು ಕಷ್ಟದ ಕೆಲಸವೇನಲ್ಲ, ಗಲೀಜು ಕೆಲಸ. ಸ್ಕಟಲ್ ಅಂಚಿನ ಜೆಲ್‌ಕೋಟನ್ನು 25 ಮಿ.ಮೀ. ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಒಳಗಿನ ಗಾಜಿನ ಎಳೆ ಕಾಣುವಂತೆ ಮಾಡಬೇಕು. ಅಸಿಟೋನ್‌ನಲ್ಲಿ ಒರೆಸಬೇಕು. ಬಾನೆಟ್ಟಿನ ಅಂಚಿಗೆ ಪಾರ್ಸೆಲ್ ಕಟ್ಟುವ ಪ್ಲಾಸ್ಟಿಕ್ ಟೇಪ್ ಸುತ್ತಿದರೆ ರಾಳ ಅದಕ್ಕೆ ಅಂಟುವುದಿಲ್ಲ. ನಡುವೆ 4 ಮಿ.ಮೀ. ಪಟ್ಟಿ ನಿಲ್ಲಿಸಿ, ಅದಕ್ಕೂ ಟೇಪ್ ಸುತ್ತಿ, ಸ್ಕಟಲ್ ಕಡೆಯಿಂದ ಮ್ಯಾಟ್ ಮತ್ತು ರಾಳವನ್ನು ಪಟ್ಟಿಗೆ ಒತ್ತಿ ಕೂರಿಸಬೇಕು. ಗಟ್ಟಿಯಾದ ಮೇಲೆ ಪಟ್ಟಿ ಎಳೆದರೆ ಗ್ಯಾಪ್ ತಾನಾಗಿ ಸರಿಯಾದ ಅಗಲದಲ್ಲಿ ಉಳಿಯುತ್ತದೆ. ಬರೀ ಪುಟ್ಟಿಯಿಂದ ಅಂಚು ಕಟ್ಟಬಾರದು. ಬಾನೆಟ್ ಇಳಿಸುವಾಗ ಒಮ್ಮೆ ತಾಗಿದರೆ ಸಾಕು, ಚೂರು ಉದುರುತ್ತದೆ. ಫೈಬರ್ ಉಜ್ಜುವಾಗ ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಬೇಕೇ ಬೇಕು, ಇಲ್ಲದಿದ್ದರೆ ಆ ರಾತ್ರಿ ಕೆರೆದುಕೊಂಡೇ ಕಳೆಯಬೇಕಾಗುತ್ತದೆ.

ಮೂತಿ ಮತ್ತು ಬಾನೆಟ್ ನಡುವಿನ ಮೆಟ್ಟಿಲು ಎತ್ತರದ ಸಮಸ್ಯೆ, ಅಗಲದ್ದಲ್ಲ. ಬಾನೆಟ್ ಕೂರುವ ರಬ್ಬರ್ ಪಟ್ಟಿಯನ್ನು ತೆಳ್ಳಗಿನದಕ್ಕೆ ಬದಲಾಯಿಸಿದ ಮೇಲೆ ಮೆಟ್ಟಿಲು ಬಹುಪಾಲು ಹೋಯಿತು. ಒಂದು ಮೂಲೆಯಲ್ಲಿ ಸುಮಾರು 1 ಮಿ.ಮೀ. ಉಳಿಯಿತು.

ಮಡ್‌ಗಾರ್ಡ್ ಮತ್ತು ಬೀಡಿಂಗ್

ಎಲ್ಲಕ್ಕಿಂತ ಜಾಸ್ತಿ ಯೋಚನೆ ಬೇಡಿದ್ದು ಇದು.

ಹಳೆಯ ಪುಟ್ಟಿ ಪೂರ್ತಿ ತೆಗೆದು, ಅಲ್ಯೂಮಿನಿಯಂ ಮೇಲಿನ ಬಿಳಿ ಪುಡಿಯನ್ನು ಉಜ್ಜಿ ಹೊಳೆಯುವ ಲೋಹದವರೆಗೂ ಬಂದೆವು. ಬಾಡಿ ಹಾಳೆ ತೆಳ್ಳಗಿರುವುದರಿಂದ ಬೋಲ್ಟ್ ಬಿಗಿದ ಕಡೆ ಒಳಕ್ಕೆ ಕುಗ್ಗುತ್ತಿತ್ತು, ನಡುವೆ ಉಬ್ಬುತ್ತಿತ್ತು. ಎಷ್ಟು ಬಿಗಿದರೂ ಅಂಚು ಅಲೆಅಲೆಯಾಗಿ ಕಾಣಲು ಇದೇ ಕಾರಣ. ಹಾಳೆಯ ಒಳಮೈಗೆ, ಸಂದಿನ ಆಕಾರಕ್ಕೆ ಬಗ್ಗಿಸಿದ 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿಯನ್ನು ಪಿಯು (ಪಾಲಿಯುರೆಥೇನ್) ಅಂಟಿನಿಂದ ಅಂಟಿಸಿದೆವು. ಈಗ ಬೋಲ್ಟು ಹಿಡಿಯುವುದು ದಪ್ಪ ಪಟ್ಟಿಯನ್ನು.

ಬೋಲ್ಟುಗಳ ಅಂತರವನ್ನು 150 ಮಿ.ಮೀ.ಗೆ ಇಳಿಸಿದೆವು. 6 ಮಿ.ಮೀ. ಬೋಲ್ಟ್, ಫೈಬರ್ ಕಡೆಯ ತೂತು 8 ಮಿ.ಮೀ., ಮೇಲೆ 25 ಮಿ.ಮೀ. ಅಗಲದ ವಾಷರ್. ತೂತು ದೊಡ್ಡದಿರುವುದರಿಂದ ಮಡ್‌ಗಾರ್ಡನ್ನು ಆಚೀಚೆ ಸರಿಸಿ ಕೂರಿಸಬಹುದು, ಅಗಲ ವಾಷರ್ ಇರುವುದರಿಂದ ಫೈಬರ್ ಪುಡಿಯಾಗುವುದಿಲ್ಲ. ಬೋಲ್ಟುಗಳು ಸ್ಟೇನ್‌ಲೆಸ್. ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ, ಜೊತೆಗೆ ನೀರು ಸೇರಿದರೆ ಸವೆಯುವುದು ಅಲ್ಯೂಮಿನಿಯಂ. ಅದಕ್ಕೆ ನಡುವೆ ನೈಲಾನ್ ವಾಷರ್ ಕೊಟ್ಟೆವು, ತೂತಿನ ಅಂಚಿಗೆ ಪ್ರೈಮರ್ ಹಚ್ಚಿದೆವು.

ಇನ್ನು ಬೀಡಿಂಗ್. ದಿಂಬಿನ ಕವರಿನ ಅಂಚಿಗೆ ದರ್ಜಿ ಕೂರಿಸುವ ಪೈಪಿಂಗ್ ಇದೆಯಲ್ಲ, ಅದೇ ತರಹ. ಒಂದು ದುಂಡು ಭಾಗ ಹೊರಗೆ ಕಾಣುತ್ತದೆ, ಒಂದು ಚಪ್ಪಟೆ ಬಾಲ ಎರಡು ತುಂಡುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ದುಂಡು ಭಾಗ ಸುಮಾರು 5 ಮಿ.ಮೀ. ಇದ್ದರೆ ಈ ಗಾತ್ರದ ಕಾರಿಗೆ ಒಪ್ಪುತ್ತದೆ. ವಿನೈಲ್ ಮೆತ್ತಗಿರುವುದರಿಂದ ಮಡ್‌ಗಾರ್ಡ್ ನಡುಗಿದಾಗ ತಾನು ಅಮುಕಿಕೊಂಡು ಮತ್ತೆ ಹಿಗ್ಗುತ್ತದೆ. ಪುಟ್ಟಿಗೆ ಬಾರದ ಕೆಲಸ ಅದೇ.

ಬೀಡಿಂಗ್ ಹಾಕಿದ ಎಷ್ಟೋ ಕಾರುಗಳಲ್ಲಿ ಅದು ಹಾವಿನಂತೆ ಓಡಿರುತ್ತದೆ. ಅದಕ್ಕೆ ಬೀಡಿಂಗ್ ಕಾರಣವಲ್ಲ, ಬಾಲ ಕಾರಣ. ಬಾಗಿದ ಸಂದಿನಲ್ಲಿ ಬಾಲ ಒಳಬದಿಗೆ ಬಂದರೆ ಮುದುಡಿ ಮಡಿಕೆಯಾಗುತ್ತದೆ, ಹೊರಬದಿಗೆ ಬಂದರೆ ಎಳೆದುಕೊಂಡು ದುಂಡು ಭಾಗವನ್ನೂ ಎಳೆಯುತ್ತದೆ. ಬಾಲಕ್ಕೆ ಅಲ್ಲಲ್ಲಿ ಕತ್ತರಿ ಹಾಕಬೇಕು. ಮುದುಡುವ ಕಡೆ ತ್ರಿಕೋನದ ಚೂರು ತೆಗೆಯಬೇಕು, ಎಳೆಯುವ ಕಡೆ ನೇರ ಸೀಳು ಸಾಕು. ಬಿಗಿ ತಿರುವಿನಲ್ಲಿ 10 ಮಿ.ಮೀ.ಗೊಂದು, ನೇರ ಓಟದಲ್ಲಿ ಬೇಕಿಲ್ಲ. ಸೀಳು ದುಂಡು ಭಾಗದ ತೀರಾ ಹತ್ತಿರ ಬರಬಾರದು, 2 ಮಿ.ಮೀ. ಬಿಡಿ, ಇಲ್ಲದಿದ್ದರೆ ಅಲ್ಲಿಂದಲೇ ಹರಿಯುತ್ತದೆ. ಬೋಲ್ಟ್ ಬರುವ ಕಡೆ ತೂತು ಕೊರೆಯುವುದಕ್ಕಿಂತ, ಬಾಲದ ಅಂಚಿನಿಂದ ಬೋಲ್ಟಿನವರೆಗೆ ತೆರೆದ ಕಚ್ಚು ಕತ್ತರಿಸುವುದು ವಾಸಿ. ಆಗ ಎಲ್ಲ ಬೋಲ್ಟುಗಳನ್ನು ಸಡಿಲವಾಗಿ ಹಾಕಿಟ್ಟು, ಬೀಡಿಂಗನ್ನು ಮೇಲಿನಿಂದ ತೂರಿಸಬಹುದು.

ತೂರಿಸುವ ಮೊದಲು ಬೀಡಿಂಗನ್ನು ಬಿಸಿನೀರಿನಲ್ಲಿ ನೆನೆಸಿದೆವು. ಸುರುಳಿಯಾಗಿ ಬಿದ್ದಿದ್ದ ಗುಣ ಹೋಗಿ ಮೆತ್ತಗಾಯಿತು. ಹಾಗಂತ ಹಾಕುವಾಗ ಎಳೆಯಬಾರದು. ಎಳೆದು ಹಾಕಿದ ಬೀಡಿಂಗ್ ತಣ್ಣಗಾದ ಮೇಲೆ ಕುಗ್ಗಿ, ತುದಿಗಳಲ್ಲಿ ಜಾಗ ಬಿಡುತ್ತದೆ. ಸುಮ್ನೆ ಇಟ್ಟಂತೆ ಇಟ್ಟು, ಎರಡು ತುದಿಯಲ್ಲೂ ಒಂದು ಗೇಣು ಜಾಸ್ತಿ ಬಿಟ್ಟೆವು.

ಬಿಗಿಯುವುದು ನಡುವಿನಿಂದ ಹೊರಕ್ಕೆ. ಮೊದಲ ಸುತ್ತಿನಲ್ಲಿ ಬೋಲ್ಟ್ ತಾಗುವಷ್ಟೇ. ಆಮೇಲೆ ಒಬ್ಬರು ಹೊರಗಿನಿಂದ ದುಂಡು ಭಾಗವನ್ನು ಹೆಬ್ಬೆರಳಲ್ಲಿ ಸಂದಿಗೆ ಒತ್ತುತ್ತಾ ಹೋಗುವುದು, ಇನ್ನೊಬ್ಬರು ಒಳಗಿನಿಂದ ಅಲ್ಲಲ್ಲೇ ಬಿಗಿಯುತ್ತಾ ಹಿಂಬಾಲಿಸುವುದು. ಒಬ್ಬರೇ ಮಾಡುವ ಕೆಲಸ ಇದಲ್ಲ. ದೀಪವನ್ನು ಸಂದಿಗೆ ಸಮನಾಗಿ, ಪಕ್ಕದಿಂದ ಬೀಳುವಂತೆ ಇಟ್ಟರೆ ಎಲ್ಲಿ ದುಂಡು ಭಾಗ ಮೇಲೆದ್ದಿದೆ ಅನ್ನುವುದು ನೆರಳಿನಲ್ಲೇ ತಿಳಿಯುತ್ತದೆ.

ತುದಿಗಳನ್ನು ಸುಮ್ಮನೆ ಕತ್ತರಿಸಿ ಬಿಟ್ಟರೆ ಒಳಗಿನ ದಾರ ಹೊರಗೆ ಕಾಣುತ್ತದೆ, ನೀರೂ ಹೀರುತ್ತದೆ. ಕಾಣುವ ತುದಿಯಲ್ಲಿ ಒಳ ದಾರವನ್ನು 10 ಮಿ.ಮೀ. ಕತ್ತರಿಸಿ ತೆಗೆದು, ಖಾಲಿಯಾದ ಹೊದಿಕೆಯನ್ನು ಹಿಂದಕ್ಕೆ ಮಡಚಿ ಕೊನೆಯ ಬೋಲ್ಟಿನಡಿ ಸಿಕ್ಕಿಸಿದೆವು. ಹೊರಗಿನಿಂದ ನೋಡಿದರೆ ಬೀಡಿಂಗ್ ಸಂದಿನೊಳಗೆ ನುಸುಳಿ ಮುಗಿದಂತಿದೆ. ಕಾರು ನೋಡಲು ಬರುವವರು ಬೀಡಿಂಗನ್ನು ಗಮನಿಸದೇ ಇರಬಹುದು, ತುದಿಯನ್ನು ಗಮನಿಸುತ್ತಾರೆ.

ಬಣ್ಣ ಯಾವುದು ಅನ್ನುವುದಕ್ಕೆ ಸ್ವಲ್ಪ ಚರ್ಚೆಯಾಯಿತು. ಮಾಲೀಕರಿಗೆ ನೀಲಿ ಬೀಡಿಂಗ್ ಬೇಕಿತ್ತು, ಕಣ್ಣಿಗೆ ಬೀಳಬಾರದು ಅಂತ. ಆದರೆ ವಿನೈಲಿನ ನೀಲಿ ಬಾಡಿಯ ನೀಲಿಗೆ ಸರಿಹೊಂದುವುದಿಲ್ಲ. ಹತ್ತಿರದ ಬಣ್ಣ, ಪೂರ್ತಿ ಬೇರೆ ಬಣ್ಣಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಮಡ್‌ಗಾರ್ಡಿನ ಮುಂದಿನ ಕಲ್ಲು ತಡೆಯುವ ರಬ್ಬರ್ ಹೇಗೂ ಕಪ್ಪು. ಬೀಡಿಂಗೂ ಕಪ್ಪೇ ಆಯಿತು, ಕಿಟ್ ಜೊತೆ ಬಂದಿದ್ದ ಅದೇ ಸುರುಳಿ.

ಬಣ್ಣದ ಕೆಲಸದಲ್ಲಿ ಸಂದಿಗೆ ಸಂಬಂಧಿಸಿದ್ದು

ಬಣ್ಣ ಹೊಡೆಯುವ ಇಡೀ ವಿಧಾನ ಇಲ್ಲಿ ಬೇಡ, ಸಂದುಗಳಿಗೆ ತಾಗುವುದಷ್ಟೇ ಹೇಳುತ್ತೇನೆ.

ಪ್ಯಾನೆಲ್‌ಗಳನ್ನೆಲ್ಲ ಬಿಚ್ಚಿ ಬೇರೆಬೇರೆಯಾಗಿ ಬಣ್ಣ ಹೊಡೆಯಬೇಕು. ಬಣ್ಣ ಅಂಚು ದಾಟಿ ಒಳಕ್ಕೆ 10 ಮಿ.ಮೀ. ಆದರೂ ಹೋಗಿರಬೇಕು. ಜೋಡಿಸಿಟ್ಟು ಹೊಡೆದರೆ ಗ್ಯಾಪಿನ ಒಳ ಅಂಚು ಬೋಳಾಗಿ ಉಳಿಯುತ್ತದೆ, ನೀರು ಅಲ್ಲಿಂದಲೇ ಶುರು ಮಾಡುತ್ತದೆ. ಅಂಚು ಚೂಪಾಗಿದ್ದರೆ ಹಸಿ ಬಣ್ಣ ಅಲ್ಲಿಂದ ಜಾರಿ ತೆಳುವಾಗುತ್ತದೆ. ಎಲ್ಲ ಅಂಚುಗಳನ್ನೂ ಸುಮಾರು 1 ಮಿ.ಮೀ. ದುಂಡು ಮಾಡಿದೆವು. ಎದುರುಬದುರು ಇರುವ ಎರಡು ಅಂಚುಗಳಿಗೂ ಒಂದೇ ದುಂಡು ಇರಬೇಕು. ಒಂದು ಚೂಪು, ಒಂದು ದುಂಡಾದರೆ ಗ್ಯಾಪ್ ಸರಿಯಿದ್ದರೂ ಸೊಟ್ಟ ಅನಿಸುತ್ತದೆ.

ಅಲ್ಯೂಮಿನಿಯಂಗೆ ಎಪಾಕ್ಸಿ ಪ್ರೈಮರ್ ಬಳಸಿದೆವು. ಆಸಿಡ್ ಎಚ್ ಪ್ರೈಮರ್ (ಆಸಿಡ್‌ನಿಂದ ಲೋಹವನ್ನು ತುಸು ಕೊರೆದು ಹಿಡಿಯುವಂಥದ್ದು) ಮೇಲೆ ಪಾಲಿಯೆಸ್ಟರ್ ಪುಟ್ಟಿ ಹಾಕಿದರೆ ಹಿಡಿತ ಕೆಡುತ್ತದೆ. ಎಪಾಕ್ಸಿ ಮೇಲೆ ಆ ತೊಂದರೆ ಇಲ್ಲ. ಬೇರೆ ಬಣ್ಣದ ತೆಳು ಪುಡಿಯನ್ನು ಮೇಲೆ ಉದುರಿಸಿ, ಉದ್ದ ಹಲಗೆಗೆ ಕಟ್ಟಿದ ಉಪ್ಪುಕಾಗದದಿಂದ ಉಜ್ಜಿದರೆ ತಗ್ಗುಗಳಲ್ಲಿ ಪುಡಿ ಉಳಿದು ಜಾಗ ತೋರಿಸುತ್ತದೆ. ಬರಿಗೈಯಲ್ಲಿ ಉಜ್ಜಿದರೆ ಬೆರಳುಗಳೇ ತಗ್ಗು ತೋಡುತ್ತವೆ.

ಸಿಲಿಕೋನ್ ಸೀಲಂಟ್ ಅನ್ನು ಗ್ಯಾರೇಜಿನಿಂದಲೇ ಹೊರಗಿಟ್ಟಿದ್ದೆವು. ಅದರ ಸೋಂಕು ತಗುಲಿದ ಮೈಮೇಲೆ ಬಣ್ಣ ನಿಲ್ಲದೆ ಸಣ್ಣಸಣ್ಣ ಕುಳಿಗಳಾಗುತ್ತವೆ. ಸಂದಿನ ಒಳಬದಿ ಮುಚ್ಚಲು ಬಣ್ಣ ಹಿಡಿಯುವ ಪಿಯು ಸೀಲಂಟೇ ಸರಿ. ಬಾನೆಟ್ ಗ್ಯಾಪಿನ ಕೆಳಗೆ ಕಾಣುವ ಚಾಸಿ ಪೈಪಿಗೆ ಹೊಳಪಿಲ್ಲದ ಕಪ್ಪು ಬಳಿದೆವು. ಮೊದಲು ಅಲ್ಲಿ ಬೆಳ್ಳಿ ಬಣ್ಣದ ಪೈಪ್ ಮಿನುಗುತ್ತಾ ಗ್ಯಾಪಿನ ಪ್ರತಿ ಏರುಪೇರನ್ನೂ ಎತ್ತಿ ತೋರಿಸುತ್ತಿತ್ತು. ಅಗ್ಗದ ಉಪಾಯ, ಆದರೆ ಇಷ್ಟು ಫಲ ಕೊಟ್ಟ ಕೆಲಸ ಇನ್ನೊಂದಿಲ್ಲ.

ಪಕ್ಕದ ಹಾಳೆಗಳ ರಿವೆಟ್ ಸಾಲನ್ನು ಮುಟ್ಟಲಿಲ್ಲ. ಅವು ನೇರವಾಗಿದ್ದವು, ಅಂತರ ಒಂದೇ ಸಮ ಇತ್ತು. ಒಂದೆರಡು ಸಡಿಲ ರಿವೆಟ್‌ಗಳನ್ನು ಬದಲಾಯಿಸಿದೆವು ಅಷ್ಟೇ. 3.2 ಮಿ.ಮೀ. ರಿವೆಟ್‌ಗೆ 3.3 ಮಿ.ಮೀ. ತೂತು, ಅದಕ್ಕಿಂತ ದೊಡ್ಡದಾದರೆ ಮತ್ತೆ ಸಡಿಲವಾಗುತ್ತದೆ.

ಮಡ್‌ಗಾರ್ಡ್‌ಗಳನ್ನು ಬಣ್ಣ ಪೂರ್ತಿ ಗಟ್ಟಿಯಾಗುವವರೆಗೂ ಕೂರಿಸಲಿಲ್ಲ. ಹಸಿ ಬಣ್ಣದ ಮೇಲೆ ವಿನೈಲ್ ಒತ್ತಿದರೆ ಅಂಟಿಕೊಂಡು ಅಚ್ಚು ಬೀಳುತ್ತದೆ. ಬಾಲ ಕೂರುವ ಜಾಗಕ್ಕೆ ಪಾರದರ್ಶಕ ರಕ್ಷಣಾ ಫಿಲ್ಮಿನ ಪಟ್ಟಿ ಅಂಟಿಸಿದೆವು. ನಡುಕಕ್ಕೆ ಬಾಲ ಉಜ್ಜಿ ಉಜ್ಜಿ ಬಣ್ಣ ಸವೆಯದಿರಲಿ ಅಂತ.

ಈಗಿನ ಸ್ಥಿತಿ

ಕಾರು ಆಮೇಲೆ ಬಿಸಿಲು, ಮಳೆ, ಕೆಟ್ಟ ರಸ್ತೆ ಎಲ್ಲ ನೋಡಿದೆ. ಮಡ್‌ಗಾರ್ಡನ್ನು ಒತ್ತಿದರೆ ಈಗಲೂ ಅಲುಗುತ್ತದೆ, ಮೊದಲಿಗಿಂತ ಕಡಿಮೆ. ಸಂದಿನಲ್ಲಿ ಬಣ್ಣ ಎದ್ದಿಲ್ಲ. ಮೂತಿಯ ನಡುಗೆರೆ ಕಂಡಿಲ್ಲ. ಬಾನೆಟ್ ಗ್ಯಾಪ್ ಅಳೆದಾಗ 4ರಿಂದ 4.5 ಮಿ.ಮೀ. ಒಳಗೇ ಸಿಕ್ಕಿತು. ಮೂತಿಯ ಮೂಲೆಯ 1 ಮಿ.ಮೀ. ಮೆಟ್ಟಿಲು ಹಾಗೇ ಇದೆ. ಅದನ್ನು ತೆಗೆಯಬೇಕಾದರೆ ಮೂತಿಯ ಅಂಚನ್ನೇ ಮತ್ತೆ ಕಟ್ಟಬೇಕು, ಮಾಲೀಕರು ಬೇಡ ಅಂದರು.

ಬಲ ಮಡ್‌ಗಾರ್ಡಿನ ಕೆಳತುದಿಯಲ್ಲಿ ಬೀಡಿಂಗ್ ಸ್ವಲ್ಪ ಎದ್ದಿತ್ತು. ಬಿಚ್ಚಿ ನೋಡಿದರೆ ಬೀಡಿಂಗ್ ಸರಿಯಾಗಿಯೇ ಇತ್ತು, ಬೋಲ್ಟ್ ಸಡಿಲವಾಗಿತ್ತು. ವಿನೈಲ್ ಬಾಲ ಒತ್ತಡಕ್ಕೆ ನಿಧಾನವಾಗಿ ತೆಳುವಾಗುತ್ತದೆ, ಆಗ ಬೋಲ್ಟಿನ ಬಿಗಿ ಇಳಿಯುತ್ತದೆ. ಎರಡೂ ಕಡೆಯ ಬೋಲ್ಟುಗಳನ್ನು ಒಂದು ಸುತ್ತು ಮತ್ತೆ ಬಿಗಿದು, ನೈಲಾನ್ ಹಿಡಿತದ ನಟ್ ಹಾಕಿದ ಮೇಲೆ ಅದು ಕೂತಿದೆ. ಬೀಡಿಂಗ್ ಹಾಕಿದವರು ಕೆಲವು ವಾರ ಓಡಿಸಿದ ಮೇಲೆ ಒಮ್ಮೆ ಸ್ಪ್ಯಾನರ್ ಹಿಡಿದು ಚಕ್ರದ ಕಮಾನಿನೊಳಗೆ ಕೈ ಹಾಕಲೇಬೇಕು.